ನಾದಕ್ಕೆ ಕಥೆಯ ಹಂಗುಂಟೆ?

ಮೈಸೂರಿನಿಂದ ಹೊರಟು, ಬಂಡೀಪುರ ಮುದುಮಲೆಗಳ ಅರಣ್ಯವನ್ನು ದಾಟಿ, ಗೂಡಲೂರಿನ ಮಾರ್ಗವಾಗಿಯೋ ಮಸಿನಗುಡಿಯ ಮೇಲಣ ಕಡಿದಾದ ಘಟ್ಟವನ್ನೇರಿಯೋ ಉದಕಮಂಡಲವನ್ನು ಸೇರುವ ಕನ್ನಡ ಯಾತ್ರಿಕನು ಚಹಾ ತೋಟಗಳನ್ನೂ ಸರೋವರವನ್ನೂ ಮಂಜು ಕವಿದ ಬೆಟ್ಟದ ಸಾಲನ್ನೂ ಕಣ್ತುಂಬ ನೋಡಿ ಹಿಂದಿರುಗುತ್ತಾನೆ; ಆದರೆ ಅದೇ ಬೆಟ್ಟಗಳ ಮಡಿಲಲ್ಲಿ, ಕೇವಲ ಏಳು ಗ್ರಾಮಗಳಲ್ಲಿ ನೆಲೆಸಿರುವ ಕೋತರೆಂಬ ಸಣ್ಣ ಜನಾಂಗವೊಂದು, ಸಂಗೀತರಸಿಕರು ಶತಮಾನಗಳಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆಯೊಂದಕ್ಕೆ ತನ್ನ ವಾದ್ಯಗಳ ಮೂಲಕವೇ ಉತ್ತರವನ್ನು ಇಟ್ಟುಕೊಂಡಿದೆ. ಆ ಪ್ರಶ್ನೆ ಇದು: ಸಂಗೀತದ ಹಿಂದೆ ಒಂದು ಕಥೆಯಿದ್ದರೆ, ಆ ಕಥೆಯನ್ನು ಅರಿಯದವನಿಗೆ ಸಂಗೀತದ ಸವಿ ಪೂರ್ಣವಾಗಿ ದಕ್ಕೀತೆ?

ಕೋತರ ಮೇಳದಲ್ಲಿ ಕೊಳ್ ಎಂಬ, ನಮ್ಮ ಓಲಗದ ಕುಲಕ್ಕೇ ಸೇರಿದ ಸುಷಿರವಾದ್ಯವು ಪ್ರಧಾನವಾದುದು. ಅದರ ಜೊತೆಗೆ ದೋಬರ್, ಕಿಣ್ವರ್ ಎಂಬ ಚರ್ಮವಾದ್ಯಗಳೂ ತಬಟ್ಕ್ ಎಂಬ ತಮಟೆಯೂ ಸೇರಿ ತಾಳದ ಆವರ್ತವೊಂದನ್ನು ಹಿಡಿದು ನಡೆಸುತ್ತಿರಲು, ಕೊಬ್ ಎಂಬ ಹಿತ್ತಾಳೆಯ ಕೊಂಬು ಆಗಾಗ ಮೊಳಗುತ್ತದೆ. ಇವರು ನುಡಿಸುವ ಧಾಟಿಗಳು ಸ್ಥೂಲವಾಗಿ ಮೂರು ವರ್ಗದವು. ದೇವರಿಗೆ ಸಂಬಂಧಿಸಿದವು, ನೃತ್ಯಕ್ಕೆ ಸಂಬಂಧಿಸಿದವು, ಮರಣಕ್ಕೆ ಸಂಬಂಧಿಸಿದವು. ಕೊಳಿನಲ್ಲಿ ಮೂಡುವ ಈ ಧಾಟಿಗಳಿಗೆ ಸಾಹಿತ್ಯವಿಲ್ಲ. ಆದರೆ ದೇವರ ಧಾಟಿಗಳಲ್ಲಿ ಅನೇಕಕ್ಕೆ ಕಥೆಯುಂಟು. ಇಂತಹ ಸ್ಥಳದಲ್ಲಿ ಇಂತಹ ಪವಾಡ ನಡೆಯಿತು, ಆ ಕಾಲಕ್ಕೆ ಈ ಧಾಟಿ ಹುಟ್ಟಿತು ಎಂದು ಹಿರಿಯರು ಹೇಳುವ ಆ ಕಥೆಯು ಸ್ವರದಲ್ಲಿ ಎಲ್ಲಿಯೂ ಉಚ್ಚಾರವಾಗುವುದಿಲ್ಲ, ಕೇಳುವವರ ಸ್ಮೃತಿಯಲ್ಲಿ ಮಾತ್ರ ಎಚ್ಚತ್ತು ಕುಳಿತಿರುತ್ತದೆ. ತಮ್ಮ ಪೂರ್ವಜರನ್ನು ಕರಿಯ ಹಸುವೊಂದು ಕರೆತಂದು, ಎಲ್ಲೆಲ್ಲಿ ಗೊರಸನ್ನೂರಿತೋ ಅಲ್ಲಲ್ಲಿ ಗ್ರಾಮಗಳು ಏರ್ಪಟ್ಟವೆಂಬ ಐತಿಹ್ಯ ಈ ಜನರಲ್ಲಿದೆ; ಕೋತರ ಸಂಗೀತವನ್ನು ದೀರ್ಘಕಾಲ ಅಭ್ಯಸಿಸಿದ ಅಮೆರಿಕದ ವಿದ್ವಾಂಸ ರಿಚರ್ಡ್ ವುಲ್ಫ್ ತಮ್ಮ ಗ್ರಂಥಕ್ಕೆ ಆ ಹೆಜ್ಜೆಯ ಗುರುತಿನ ಹೆಸರನ್ನೇ ಇಟ್ಟಿರುವುದು ಉಚಿತವಾಗಿದೆ. ಏಕೆಂದರೆ ಇಲ್ಲಿ ಸಂಗೀತವೂ ಒಂದು ಸ್ಥಳದಲ್ಲಿ, ಒಂದು ಹೊತ್ತಿನಲ್ಲಿ ಹೆಜ್ಜೆಯೂರಿ ನಿಂತದ್ದು.

ಈ ಧಾಟಿಗಳನ್ನು ಮೊದಲ ಬಾರಿ ಕೇಳುವ ಪರಕೀಯನಿಗೆ ಆನಂದವಾಗುವುದಿಲ್ಲವೆಂದು ನಾನು ಹೇಳಲಾರೆ. ಕೊಳಿನ ತೀಕ್ಷ್ಣವಾದ ನಾದವು ತಾಳದ ಮೇಲೆ ಒಮ್ಮೆ ಒರಗಿಯೂ ಒಮ್ಮೆ ಅದರಿಂದ ಸಡಿಲಿಯೂ ಸಾಗುವ ಬಗೆ, ಎರಡೂ ಮತ್ತೆ ಬಂದು ಕೂಡುವ ಸಂಧಿಯ ತೃಪ್ತಿ, ಇವು ಯಾವ ಕಥೆಯ ನೆರವೂ ಇಲ್ಲದೆ ಕಿವಿಯನ್ನು ಸೆಳೆಯಬಲ್ಲವು. ಆದರೆ ಆತನಿಗೆ ದೇವರ ಧಾಟಿಗೂ ಮರಣದ ಧಾಟಿಗೂ ಭೇದ ತಿಳಿಯುವುದೆ? ಕೋತನಿಗೆ ಅದು ತಿಳಿಯುವುದು ಮಾತ್ರವಲ್ಲ, ಅದರ ಅತಿಕ್ರಮವು ಅಸಹ್ಯವೂ ಆಗುತ್ತದೆ. ಸಾವಿಗೆ ಮೀಸಲಾದ ಧಾಟಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಊರೊಳಗೆ ನುಡಿಸಲು ಅವರು ಹಿಂಜರಿಯುತ್ತಾರೆ. ಅವರಲ್ಲಿ ಮರಣಾನಂತರದ ಕ್ರಿಯೆ ಎರಡು. ಮೃತನ ದಹನದ ಕಾಲಕ್ಕೆ ನಡೆಯುವ ಹಸಿಯ ಸಂಸ್ಕಾರ, ಅನಂತರ ಕಾಲಾಂತರದಲ್ಲಿ, ಆ ನಡುವೆ ಅಳಿದವರೆಲ್ಲರಿಗಾಗಿ ಒಟ್ಟಿಗೆ ಹಲವು ದಿನಗಳ ಕಾಲ ಹಿಂದೆ ನಡೆಯುತ್ತಿದ್ದ ಒಣ ಸಂಸ್ಕಾರ. ಈ ಎರಡನೆಯದರಲ್ಲಿ ವಾದ್ಯಗಳು ಶೋಕದ ಧಾಟಿಗಳಿಂದ ತೊಡಗಿ, ಕಡೆಗೆ ನೃತ್ಯದ ಧಾಟಿಗಳನ್ನು ಮುಟ್ಟುತ್ತಿದ್ದವು. ಅಷ್ಟು ದಿನಗಳ ಅಳುವಿನ ಬಳಿಕ ಮೊದಲ ಕುಣಿತದ ಧಾಟಿ ಹೊಮ್ಮಿದಾಗ ನೆರೆದವರಿಗಾಗುತ್ತಿದ್ದ ಅನುಭವ ಆ ಧಾಟಿಯೊಂದರಲ್ಲೇ ಇಲ್ಲ. ಅದು ಯಾವುದರ ಅನಂತರ ಬಂದಿತೆಂಬುದರಲ್ಲಿದೆ. ನನ್ನ ಅಭಿಪ್ರಾಯದ ಬೀಜ ಇಲ್ಲಿಯೇ ಅಡಗಿದೆ.

ಪಾಶ್ಚಾತ್ಯರಲ್ಲಿ ಈ ಚರ್ಚೆ ಇತ್ತೀಚೆಗೆ ‘ಕಾನ್ಸೆಪ್ಟ್ ಆಲ್ಬಮ್’ ಎಂಬ ಪ್ರಕಾರವನ್ನು ಕುರಿತು ನಡೆಯುತ್ತದೆ. ಗ್ರಾಮಫೋನಿನ ಹಳೆಯ 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷದ ಹಾಡೊಂದಕ್ಕೆ ಮಾತ್ರ ಅವಕಾಶವಿತ್ತು; 1948ರಲ್ಲಿ ಕೊಲಂಬಿಯಾ ಸಂಸ್ಥೆಯು ದೀರ್ಘವಾದನದ ಪ್ಲೇಟನ್ನು ಹೊರತಂದ ಮೇಲೆ ಹಾಡುಗಳನ್ನು ಸಾಲಾಗಿ ಪೋಣಿಸಿ ಒಂದು ವಸ್ತುವನ್ನೋ ಕಥೆಯನ್ನೋ ನಡೆಸುವ ಆಸೆ ಕಲಾವಿದರಲ್ಲಿ ಚಿಗುರಿತು. 1967ರಲ್ಲಿ ಬೀಟಲ್ಸ್ ಬಳಗ ತಾನೇ ಬೇರೊಂದು ಕಾಲ್ಪನಿಕ ಬ್ಯಾಂಡ್ ಆಗಿ ವೇಷ ತೊಟ್ಟು ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಆಲ್ಬಮನ್ನು ಹೊರಡಿಸಿತು. ಆದರೆ ತನ್ನ ಹಾಡುಗಳಿಗೂ ಆ ಕಲ್ಪನೆಗೂ ಸಂಬಂಧವೇ ಇರಲಿಲ್ಲವೆಂದು ಜಾನ್ ಲೆನನ್ ಅನಂತರ ಹೇಳಿದನು. 1969ರಲ್ಲಿ ‘ದಿ ಹೂ’ ಬಳಗದ ‘ಟಾಮಿ’ ಬಂದಿತು. ಕಣ್ಣು, ಕಿವಿ, ಮಾತು ಮೂರೂ ಇಲ್ಲದ ಬಾಲಕನೊಬ್ಬನು ಪಿನ್‌ಬಾಲ್ ಆಟದಲ್ಲಿ ಅದ್ವಿತೀಯನಾಗಿ, ಜನರ ಗುರುವಾಗಿ, ಕಡೆಗೆ ಅವರಿಂದಲೇ ತ್ಯಕ್ತನಾಗುವ ಆ ಕಥೆಯನ್ನು ರಚಿಸಿದ ಪೀಟ್ ಟೌನ್‌ಶೆಂಡ್, ನಮ್ಮ ಅಹಮದ್‌ನಗರದ ಸಮೀಪದಲ್ಲಿ ಬಾಳಿದ ಮೆಹರ್ ಬಾಬಾ ಅವರ ಅನುಯಾಯಿ. ಅದರಲ್ಲಿ ಲೋಕವೆಲ್ಲ ಮೆಚ್ಚಿದ ‘ಪಿನ್‌ಬಾಲ್ ವಿಜರ್ಡ್’ ಎಂಬ ಹಾಡು ಮೊದಲ ಯೋಜನೆಯಲ್ಲಿ ಇರಲೇ ಇಲ್ಲ. ಆ ಆಟದಲ್ಲಿ ಆಸಕ್ತನಾಗಿದ್ದ ವಿಮರ್ಶಕ ನಿಕ್ ಕೋನ್‌ನ ಮನಸ್ಸನ್ನು ಒಲಿಸಿಕೊಳ್ಳಲು ಕೆಲಸ ಮುಗಿಯುವ ಹಂತದಲ್ಲಿ ಸೇರಿಸಿದುದು. ಕಥೆಯ ಅಸ್ಥಿಭಾರದಲ್ಲಿಲ್ಲದ ಹಾಡೇ ಕಥೆಯ ಹೆಸರನ್ನು ಹೊತ್ತು ಮೆರೆಯಿತು.

ಇದಕ್ಕೂ ಹಳೆಯದೂ ನನಗೆ ಹೆಚ್ಚು ಮಹತ್ತ್ವದ್ದಾಗಿ ಕಾಣುವುದೂ ಆದ ನಿದರ್ಶನ ಫ್ರಾನ್ಸಿನ ಬೆರ್ಲಿಯೋಜ್‌ನದು. 1830ರಲ್ಲಿ ತನ್ನ ‘ಫ್ಯಾಂಟಾಸ್ಟಿಕ್ ಸಿಂಫನಿ’ಯನ್ನು ನುಡಿಸಿದಾಗ, ಪ್ರೇಮದಿಂದ ನೊಂದು ಅಫೀಮು ಸೇವಿಸಿದ ಕಲಾವಿದನೊಬ್ಬನ ಕನಸುಗಳ ಕಥೆಯನ್ನು ಅಚ್ಚು ಹಾಕಿಸಿ ಶ್ರೋತೃಗಳಿಗೆ ಹಂಚಿದ ಆತನು, 1855ರಲ್ಲಿ ಅದನ್ನು ತಿದ್ದಿ, ಕೃತಿಯನ್ನು ಬಿಡಿಯಾಗಿ ಕಚೇರಿಯಲ್ಲಿ ನುಡಿಸುವಾಗ ಕಥೆಯನ್ನು ಹಂಚುವ ಅಗತ್ಯವಿಲ್ಲ, ಐದು ಭಾಗಗಳ ಶೀರ್ಷಿಕೆಗಳಿದ್ದರೆ ಸಾಕೆಂದು ಬರೆದನು. ಕಥೆಯನ್ನು ಅತಿಶಯವಾಗಿ ಪ್ರೀತಿಸಿದ ರಚನಕಾರನೇ ಇಪ್ಪತ್ತೈದು ವರ್ಷಗಳ ತರುವಾಯ ಅದನ್ನು ಬಿಟ್ಟುಕೊಟ್ಟನು, ಆದರೆ ಶೀರ್ಷಿಕೆಗಳನ್ನು ಬಿಡಲಿಲ್ಲ. ಆ ಶೀರ್ಷಿಕೆಗಳಲ್ಲಿ ಉಳಿದದ್ದು ಏನು? ಕಥೆಯಲ್ಲ, ಸಂದರ್ಭ. ಇದು ನೃತ್ಯಸಭೆ, ಇದು ಹೊಲಗಳ ನಡುವಣ ಏಕಾಂತ, ಇದು ವಧಸ್ಥಾನಕ್ಕೆ ಒಯ್ಯುವ ಮೆರವಣಿಗೆ ಎಂಬ ಅರಿವಷ್ಟೆ. ಕೋತರ ಧಾಟಿಗಳಿಗೆ ವರ್ಗವು ಕೊಡುವುದೂ ಇದನ್ನೇ.

ನಮ್ಮಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳದಿರುವುದಕ್ಕೆ ಕಾರಣ ಸ್ಪಷ್ಟ. ಯಕ್ಷಗಾನದ ಪ್ರೇಕ್ಷಕನಿಗೆ ಕರ್ಣನು ಸಾಯುವನೆಂಬುದು ಆಟಕ್ಕೆ ಮುಂಚೆಯೇ ಗೊತ್ತಿರುವುದರಿಂದ ಆತನ ಚಿತ್ತವೆಲ್ಲ ಭಾಗವತರ ಪದದ ಮೇಲೆ ನಿಲ್ಲುತ್ತದೆ. 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ಕವಿತೆಗಳು ಸಿ. ಅಶ್ವಥ್ ಅವರ ಸಂಯೋಜನೆಯಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೆ ಬಂದಾಗಲೂ, ಅವುಗಳಲ್ಲಿ ಮೂಡಿದ ದಾಂಪತ್ಯವನ್ನು ಕನ್ನಡಿಗರಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ.

ಆದರೆ ನೀಲಗಿರಿಯಲ್ಲೇ ಕೋತರ ಧಾಟಿಗಳಿಗೆ ವಿರುದ್ಧವಾದ ಧ್ರುವವೊಂದಿದೆ. ಅದು ಕೋತರ ನೆರೆಯ ಜನಾಂಗವಾದ ತೋಡರ ಹಾಡು. ಕೆನಡಾದಲ್ಲಿ ಜನಿಸಿ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ, ಟಿ. ಬರೋ ಅವರೊಡನೆ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶವನ್ನು ರಚಿಸಿದ ಎಂ. ಬಿ. ಎಮೆನೋ ಅವರು 1935ರಿಂದ 1938ರವರೆಗೆ ಭಾರತದಲ್ಲಿದ್ದು, ಆ ಕಾಲದಲ್ಲಿ ತೋಡರ ಹಾಡುಗಳನ್ನು ಸಂಗ್ರಹಿಸಿ, 1971ರಲ್ಲಿ ಬೃಹದ್ಗ್ರಂಥವಾಗಿ ಪ್ರಕಟಿಸಿದರು. ಅವರು ತೋರಿಸಿಕೊಟ್ಟಂತೆ, ಈ ಹಾಡು ಸಂಪ್ರದಾಯಸಿದ್ಧವಾದ ಚಿಕ್ಕ ಚಿಕ್ಕ ಪದಪುಂಜಗಳಿಂದ ಕೂಡಿದ್ದು, ಅವು ಜೋಡಿ ಜೋಡಿಯಾಗಿ ಬರುತ್ತವೆ. ಎಮ್ಮೆಗೂ ಮಂದಿಗೂ ಬೆಟ್ಟಕ್ಕೂ ಮಂದೆಯ ತಾಣಕ್ಕೂ ತಕ್ಕ ಜೋಡಿಗಳು ಸಿದ್ಧವಾಗಿರುವುದರಿಂದ, ಹೊಸ ಘಟನೆಯೊಂದು ಸಂಭವಿಸಿದಾಗ ತೋಡನಾದವನು ಅಲ್ಲಿಯೇ ಹಾಡು ಕಟ್ಟಬಲ್ಲನು. ಆದರೆ ಆ ಹಾಡಿನಲ್ಲಿ ಸಂಗತಿಯನ್ನು ನೇರವಾಗಿ ಹೇಳುವುದಿಲ್ಲ, ಸೂಚಿಸಲಾಗುತ್ತದೆ. ಯಾರನ್ನು ಕುರಿತು, ಯಾವ ಪ್ರಸಂಗದಲ್ಲಿ ಹಾಡಿದುದೆಂದು ತಿಳಿಯದವನಿಗೆ ಪ್ರತಿಯೊಂದು ಪದ ಅರ್ಥವಾದರೂ ಹಾಡು ಅರ್ಥವಾಗದು. ಆದ್ದರಿಂದಲೇ ಎಮೆನೋ ಅವರು ಹಾಡುಗಳ ಜೊತೆಗೆ ಅವು ಹುಟ್ಟಿದ ಸನ್ನಿವೇಶವನ್ನೂ ಕೇಳಿ ಬರೆದುಕೊಳ್ಳಬೇಕಾಯಿತು. ಇಲ್ಲಿ ಕಥೆಯನ್ನು ತೆಗೆದರೆ ಉಳಿಯುವುದು ಅಪೂರ್ಣವಾದ ಒಂದು ದನಿ ಮಾತ್ರ. ಕಥೆ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಸಾರ್ವತ್ರಿಕ ಉತ್ತರವೊಂದನ್ನು ನಿರೀಕ್ಷಿಸುವವರು ಇಪ್ಪತ್ತು ಮೈಲಿಗಳೊಳಗೆ ನೆರೆಹೊರೆಯಾಗಿರುವ ಈ ಎರಡು ಸಂಗೀತಗಳನ್ನು ಒಮ್ಮೆ ಒಟ್ಟಿಗೆ ಯೋಚಿಸಬೇಕು.

ಇದೇ ಬೆಟ್ಟಗಳ ಇನ್ನೊಂದು ಜನಾಂಗವಾದ ಬಡಗರ ವಿಷಯ ನಮಗೆ ಇನ್ನೂ ಹತ್ತಿರದ್ದು, ಅವರ ನುಡಿ ಕನ್ನಡದ ಒಡಹುಟ್ಟಿನದಾದುದರಿಂದ. ಕೋತಗಿರಿಯ ಬಳಿಯ ಬೇರಗಣಿಯಲ್ಲಿ ಡಿಸೆಂಬರ್ ಜನವರಿಗಳ ಚಳಿಯಲ್ಲಿ ನಡೆಯುವ ಹೆತ್ತೆಯ ಹಬ್ಬಕ್ಕೆ ಬಿಳಿಯುಡುಗೆ ಉಟ್ಟು ಬರುವ ಜನರಿಗೆ ಆ ಮೂಲಮಾತೆಯ ಕಥೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಶವಸಂಸ್ಕಾರದಲ್ಲಿ ಹಿರಿಯನೊಬ್ಬನು ಮೃತನ ಹೆಸರಿನಲ್ಲಿ ಪಾಪಗಳನ್ನು ಒಂದೊಂದಾಗಿ ಪಠಿಸಲು ನೆರೆದವರು ಪ್ರತಿಯೊಂದಕ್ಕೂ ಅದು ಪಾಪವೆಂದು ದನಿಗೂಡಿಸುವ ‘ಕರು ಹರಸೋದು’ ಎಂಬ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ವಿದ್ವಾಂಸರು ದಾಖಲಿಸಿದ್ದಾರೆ. ಇದೇ ಬಡಗರ ಶವಸಂಸ್ಕಾರಕ್ಕೆ ತಲೆತಲಾಂತರದಿಂದ ವಾದ್ಯ ನುಡಿಸುತ್ತಿದ್ದವರು ಕೋತರು. 1930ರ ದಶಕದಲ್ಲಿ ಸುಧಾರಣೆಯನ್ನು ಬಯಸಿದ ಬಡಗರು ಕೋತರ ವಾದ್ಯ ಬೇಡವೆಂದರು; ಕೋತರ ವಾದ್ಯವಿಲ್ಲದ ಸಂಸ್ಕಾರ ಸಂಸ್ಕಾರವೇ ಅಲ್ಲವೆಂದು ಹಳಬರು ಪಟ್ಟು ಹಿಡಿದರು; ಸಮಾಜ ಎರಡು ಪಕ್ಷವಾಯಿತು. ಆ ದಶಕದಲ್ಲೇ ಈ ಬೆಟ್ಟಗಳಲ್ಲಿ ಅಧ್ಯಯನ ನಡೆಸಿದ ಡೇವಿಡ್ ಮ್ಯಾಂಡಲ್‌ಬಾಮ್ ಈ ಕಲಹವನ್ನು ಬರೆದಿಟ್ಟಿದ್ದಾರೆ. ವಿವಾದವೆದ್ದುದು ಸ್ವರದ ಮೇಲಲ್ಲ. ಆ ನಾದದೊಡನೆ ಬೆಸೆದುಕೊಂಡು ಬಂದಿದ್ದ ಹಳೆಯ ಬಾಳಿನ ಕಥೆಯನ್ನು ಒಬ್ಬರು ಕಳಚಿಕೊಳ್ಳಲು, ಇನ್ನೊಬ್ಬರು ಉಳಿಸಿಕೊಳ್ಳಲು ಹೋರಾಡಿದರು.

ಆದ್ದರಿಂದ ನಾನು ಹೇಳಬಯಸುವುದಿಷ್ಟು. ಒಂದು ಹಾಡು, ಒಂದು ಧಾಟಿ, ಬಿಡಿಯಾಗಿ ನಿಂತಾಗ ಕಥೆಯ ಹಂಗಿಲ್ಲದೆಯೂ ಸೊಗಸಬಹುದು. ‘ಪಿನ್‌ಬಾಲ್ ವಿಜರ್ಡ್’ ಅದಕ್ಕೆ ಸಾಕ್ಷಿ. ಆದರೆ ಹಲವು ಹಾಡುಗಳನ್ನು ಕ್ರಮವೊಂದರಲ್ಲಿ ಇರಿಸಿದಾಗ, ಇದರ ಮೇಲೆ ಅದೇಕೆ ಎಂಬ ಪ್ರಶ್ನೆ ಕೇಳುವವನಲ್ಲಿ ತಾನಾಗಿಯೇ ಹುಟ್ಟುತ್ತದೆ, ಮತ್ತು ಆ ಕ್ರಮವು ಸಂಗೀತದ ರೂಪಕ್ಕೇ ಸೇರಿದ್ದು. ಕ್ರಮಕ್ಕೆ ಕಥೆಯೇ ಬೇಕೆಂದೇನು, ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕಚೇರಿ ಪದ್ಧತಿಯಲ್ಲಿ ವರ್ಣದಿಂದ ಮಂಗಳದವರೆಗೆ ಕಥೆಯಿಲ್ಲದ ಕ್ರಮವೊಂದಿಲ್ಲವೆ, ಎಂದು ಆಕ್ಷೇಪಿಸಬಹುದು. ಆಕ್ಷೇಪ ಸಾಧುವಾದುದೇ. ರಾಗದ ಭೇದ, ಕಾಲದ ಭೇದ, ವಿಸ್ತಾರದ ಭೇದ ಇವೇ ಅಲ್ಲಿ ಕ್ರಮವನ್ನು ನಿರ್ಣಯಿಸುತ್ತವೆ, ಮತ್ತು ಅವು ಕಿವಿಗೆ ಗೋಚರವಾದವು. ಆದರೆ ಅಳುವಿನಿಂದ ಕುಣಿತಕ್ಕೆ ಸಾಗುವ ಕೋತರ ಕ್ರಮವನ್ನು ರಾಗಭೇದ ಮಾತ್ರದಿಂದ ಸಮರ್ಥಿಸಲಾಗದು; ಸತ್ತವರು ಹೊರಟುಹೋದರು, ಉಳಿದವರು ಬಾಳಬೇಕೆಂಬ ತಿಳಿವು ಅಲ್ಲಿ ಸ್ವರಕ್ಕೆ ಆಧಾರವಾಗಿದೆ. ‘ಟಾಮಿ’ಯಲ್ಲೂ ಹಾಗೆಯೇ, ಮೌನದಲ್ಲಿ ಮುಳುಗಿದ್ದವನಿಗೆ ಬಿಡುಗಡೆ ದೊರೆಯಿತೆಂಬುದನ್ನು ಅರಿತಾಗ ಕೊನೆಯ ಭಾಗದ ಔನ್ನತ್ಯವು ಕೇವಲ ಗಟ್ಟಿದನಿಯಾಗಿ ಉಳಿಯುವುದಿಲ್ಲ. ಕಥೆಯ ಕವಲು ಕವಲನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಇದು ಯಾರ ನಾದ, ಯಾವ ಹೊತ್ತಿನದು, ಯಾವುದರ ಹಿಂದೆ ಬಂದದ್ದು, ಇಷ್ಟನ್ನು ಬಲ್ಲವನು ಬೆರ್ಲಿಯೋಜ್ ಕಡೆಗೆ ಉಳಿಸಿಕೊಂಡದ್ದನ್ನೇ ಪಡೆದವನು.

ಈಚೆಗೆ ಸಾರ್ವಜನಿಕ ವೇದಿಕೆಗಳಲ್ಲಿ ಹೊರಗಿನವರ ಮುಂದೆ ಕೇಳಿಬರುವುದು ಹೆಚ್ಚಾಗಿ ಕೋತರ ನೃತ್ಯದ ಧಾಟಿಗಳು. ದೇವರಿಗೂ ಮರಣಕ್ಕೂ ಸೇರಿದವು ತಮ್ಮ ಸ್ಥಳವನ್ನು ಬಿಟ್ಟು ಸುಲಭವಾಗಿ ಬರುವುದಿಲ್ಲ, ಅದು ಸರಿಯೂ ಹೌದು. ಮೊಬೈಲಿನಲ್ಲಿ ಅರೆನಿಮಿಷದ ತುಣುಕಾಗಿ ಊರೂರು ಸುತ್ತುವ ನಾದಕ್ಕೆ ಹೆಸರೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಈ ಬೆಟ್ಟದ ಸಂಗೀತವನ್ನು ಧ್ವನಿಮುದ್ರಿಸಲು ಹೊರಡುವ ನಮ್ಮ ತರುಣರು, ನುಡಿಸುವವರ ಒಪ್ಪಿಗೆಯನ್ನು ಪಡೆದ ಮೇಲೆ, ಧಾಟಿಯ ಜೊತೆಗೆ ಅದು ಯಾವ ಗ್ರಾಮದ್ದು, ಯಾವ ಕ್ರಿಯೆಯ ಯಾವ ಘಟ್ಟದಲ್ಲಿ ಬರುವುದು, ಅದರ ಮುಂಚೆ ಮತ್ತು ಆಮೇಲೆ ಏನನ್ನು ನುಡಿಸುತ್ತಾರೆಂಬ ನಾಲ್ಕು ಸಾಲನ್ನೂ ಬರೆದಿಟ್ಟರೆ, ಮುಂದೆ ಕೇಳುವವನು ಬಯಸಿದರೆ ಅದನ್ನು ಓದಿಯಾನು, ಬಯಸದಿದ್ದರೆ ಬರಿಯ ನಾದವನ್ನೇ ಆಲಿಸಿಯಾನು. ಆ ಆಯ್ಕೆ ಅವನಿಗೆ ಉಳಿಯುತ್ತದೆ.