ಗಿರಣಿಯ ಸಾಲದ ಕಂತು ತಪ್ಪಿದಾಗ ಕಾನೂನಿನ ನೆರವು

ಬೇಸಾಯದ ಜೊತೆಗೆ ಎಣ್ಣೆ ಗಾಣ, ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ ಮೊದಲಾದ ಸಣ್ಣ ಉದ್ದಿಮೆ ನಡೆಸುವ ರೈತರು ಅನೇಕರಿದ್ದಾರೆ. ಮಳೆ ಕೈಕೊಟ್ಟರೆ ಗಿರಣಿಗೆ ಕಾಳು ಬರುವುದಿಲ್ಲ. ಮಾಲು ಕೊಂಡವರು ಹಣ ತಡಮಾಡಿದರೆ ಬ್ಯಾಂಕಿನ ಕಂತು ತಪ್ಪುತ್ತದೆ. ಆಗ ನಾಚಿಕೆಯಿಂದಲೋ ಭಯದಿಂದಲೋ ಬ್ಯಾಂಕಿನ ಕಡೆ ಹೋಗದೆ ಕುಳಿತುಕೊಳ್ಳುವುದು ಸರಿಯಲ್ಲ. ಸಣ್ಣ ಉದ್ದಿಮೆದಾರನಿಗೆ ಕಾನೂನು ಹಲವು ಅನುಕೂಲಗಳನ್ನು ಒದಗಿಸಿದೆ. ಆದರೆ ಪ್ರತಿಯೊಂದಕ್ಕೂ ತಕ್ಕ ಸಮಯವಿದೆ.

ಮೊದಲ 90 ದಿನಗಳು

ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಬ್ಯಾಂಕು ಆ ಸಾಲವನ್ನು ಅನುತ್ಪಾದಕ ಸಾಲವೆಂದು ವರ್ಗೀಕರಿಸುತ್ತದೆ. ಬೆಳೆ ಸಾಲಕ್ಕೆ ಇರುವ ಹಂಗಾಮಿನ ಲೆಕ್ಕ ಗಿರಣಿಯ ಸಾಲಕ್ಕೆ ಇಲ್ಲ.

ಈ ಹಂತ ತಲಪುವ ಮೊದಲೇ ಉದ್ದಿಮೆಯನ್ನು ಉಳಿಸಲು ಕೇಂದ್ರ ಸರ್ಕಾರ 2015ರಲ್ಲಿ ಪುನಶ್ಚೇತನ ವ್ಯವಸ್ಥೆಯೊಂದನ್ನು ಜಾರಿಗೆ ತಂದಿತು. 25 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಇದು ಅನ್ವಯಿಸುತ್ತದೆ. ನಷ್ಟದ ಸೂಚನೆ ಕಂಡಾಗ ಉದ್ದಿಮೆದಾರನೇ ಅರ್ಜಿ ಕೊಡಬಹುದು. 10 ಲಕ್ಷದವರೆಗಿನ ಸಾಲವನ್ನು ಶಾಖಾ ವ್ಯವಸ್ಥಾಪಕರು ಪರಿಶೀಲಿಸುತ್ತಾರೆ. ಅದಕ್ಕೆ ಮೇಲ್ಪಟ್ಟದ್ದು ಬ್ಯಾಂಕಿನ ಸಮಿತಿಗೆ ಹೋಗುತ್ತದೆ. ಕಂತುಗಳ ಅವಧಿ ಬದಲಾಯಿಸಿ ಸಾಲವನ್ನು ಪುನರ್‌ರಚಿಸುವುದು ಇಲ್ಲಿ ಸಾಧ್ಯ.

ಅರ್ಜಿಯ ಜೊತೆಗೆ ಉದ್ಯಮ್ ನೋಂದಣಿ ಪತ್ರ, ಲೆಕ್ಕಪತ್ರ ಮತ್ತು ಬರಬೇಕಾದ ಬಾಕಿಯ ಪಟ್ಟಿ ಇರಲಿ. ಬ್ಯಾಂಕಿನಿಂದ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ತಾನು ಸಣ್ಣ ಉದ್ದಿಮೆದಾರನೆಂದು ಸಕಾಲದಲ್ಲಿ ತಿಳಿಸದೆ, ವಸೂಲಿ ಕ್ರಮವೆಲ್ಲ ಮುಗಿದ ನಂತರ ಈ ವ್ಯವಸ್ಥೆಯ ಹೆಸರಿನಲ್ಲಿ ತಡೆ ಕೇಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಸ್ಪಷ್ಟಪಡಿಸಿದೆ.

ಬರಬೇಕಾದ ಹಣ

ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯಿದೆ ವಿಧಿಸುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ದೂರನ್ನು ರಾಜ್ಯದ ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು. ಮಾಲು ಕಳುಹಿಸುವ ಮೊದಲೇ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ.

ನೋಟೀಸು ಬಂದ ಮೇಲೆ

2002ರ ಸರ್ಫೇಸಿ ಕಾಯಿದೆಯಂತೆ, ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳುವ ಮೊದಲು ಬ್ಯಾಂಕು 60 ದಿನಗಳ ನೋಟೀಸು ಕೊಡಬೇಕು. ಆ ಅವಧಿಯಲ್ಲಿ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಆಸ್ತಿ ವಶಕ್ಕೆ ಹೋದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹರಾಜಿನ ಪ್ರಕಟಣೆ ಹೊರಡುವ ಮೊದಲು ಬಾಕಿ ಮತ್ತು ಖರ್ಚನ್ನು ಪೂರ್ತಿ ಕಟ್ಟಿದರೆ ಆಸ್ತಿ ಉಳಿಯುತ್ತದೆ.

ಕೃಷಿ ಜಮೀನಿನ ಅಡಮಾನಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ. ಆದರೆ ಕಂದಾಯ ದಾಖಲೆಯಲ್ಲಿ ಕೃಷಿ ಎಂದು ಬರೆದಿದ್ದರೆ ಮಾತ್ರ ಸಾಲದು; ಅಲ್ಲಿ ನಿಜವಾಗಿ ಸಾಗುವಳಿ ನಡೆದಿದೆಯೆಂದು ಸಾಲಗಾರನೇ ಸಾಬೀತುಪಡಿಸಬೇಕು. ಗಿರಣಿ ನಿಂತಿರುವ ಜಾಗಕ್ಕೆ ಈ ರಕ್ಷಣೆ ದೊರೆಯದು. ರಕ್ಷಣೆ ದೊರೆತರೂ ಸಾಲ ಮನ್ನಾ ಆದಂತಲ್ಲ; ಬ್ಯಾಂಕು ದಾವಾ ಹೂಡಿ ವಸೂಲು ಮಾಡಬಹುದು.

ರಾಜಿಯ ದಾರಿ

ಲೋಕ ಅದಾಲತ್ತಿನಲ್ಲಿ ದಾವಾ ಹೂಡುವ ಮೊದಲೇ ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಆದ್ದರಿಂದ ನಿಜವಾಗಿ ಕಟ್ಟಲು ಸಾಧ್ಯವಿರುವ ಮೊತ್ತಕ್ಕೆ ಮಾತ್ರ ಒಪ್ಪಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ.

ಬೆಳೆಗೆ ರೋಗದ ಮೊದಲ ಚುಕ್ಕೆ ಕಂಡಾಗಲೇ ರೈತ ಔಷಧಿ ಹೊಡೆಯುತ್ತಾನೆ. ಸಾಲದ ವಿಷಯದಲ್ಲಿಯೂ ಮೊದಲ ಕಂತು ತಪ್ಪುವಾಗಲೇ ಬ್ಯಾಂಕಿಗೆ ಅರ್ಜಿ ಕೊಟ್ಟರೆ ಗಿರಣಿ ಉಳಿಯುವ ಸಂಭವ ಹೆಚ್ಚು.