ಮಹಡಿಮೆಟ್ಟಿಲಿಗೆ ಹಬ್ಬದ ಸಿಂಗಾರ

ರಾಯಪುರಂನಲ್ಲಿ ಸಂತ ಪೀಟರರ ಇಗರ್ಜಿಯುಂಟು. 1910ರ ಪಾರಸಿ ಅಗ್ನಿಮಂದಿರವೂ ಉಂಟು. ಇಂಥ ನೆರೆಹೊರೆಯಲ್ಲಿ, ಹಲವು ಸಂಸಾರಗಳು ತುಳಿಯುವ ಮಹಡಿಮೆಟ್ಟಿಲನ್ನು ದೀಪಾವಳಿಗೆ ಸಿಂಗರಿಸುವುದೆಂತು? ದೇವರ ಪಟ ಅವರವರ ಬಾಗಿಲೊಳಗಿರಲಿ. ಹೊರಗೆ ತೋರಣ, ರಂಗವಲ್ಲಿ, ಗೂಡುದೀಪಗಳು ಸಾಕೆಂಬುದು ನಮ್ಮ ಅಭಿಪ್ರಾಯ. ಹೊಸ್ತಿಲಿಗೆ ರಂಗವಲ್ಲಿಯಿಟ್ಟು ತೋರಣ ಕಟ್ಟುವ ವಾಡಿಕೆ ಪಾರಸಿಗಳಲ್ಲಿಯೂ ಇದೆ. ತಮಿಳರ ಕೋಲವಂತೂ ನಿತ್ಯದ್ದು. ನಮ್ಮ ದಕ್ಷಿಣ ಕನ್ನಡದ ಗೂಡುದೀಪಕ್ಕೂ ಕ್ರಿಸ್ಮಸ್ ನಕ್ಷತ್ರಕ್ಕೂ ಬೇಕಾದುದು ಬಿದಿರುಕಡ್ಡಿ, ಬಣ್ಣದ ಕಾಗದಗಳೇ. ತಂತಿ, ಬಲ್ಬುಗಳನ್ನು ಡಿಸೆಂಬರಿನವರೆಗೂ ಬಿಚ್ಚಬೇಕಾಗಿಲ್ಲ. ಆದರೆ ಚಂದಾ ಎತ್ತುವಾಗ ಅಂಗಡಿ ಮಾಲೀಕನಷ್ಟೇ ಪಾಲನ್ನು ಹೋಟೆಲಿನ ಮಾಣಿಯಿಂದಲೂ ಕೇಳುವುದು ನ್ಯಾಯವಲ್ಲ. ಅವನು ಹಬ್ಬದ ದಿನವೂ ರಾತ್ರಿ ಹನ್ನೊಂದಕ್ಕೆ, ಸೋತ ಕಾಲಿನಲ್ಲಿ ಮಹಡಿಯೇರುವವನು; ಎಣ್ಣೆ ಚೆಲ್ಲಿ ಜಾರದಂತೆ ಹಣತೆಗಳನ್ನು ಮೆಟ್ಟಿಲ ಮೇಲಿಡದೆ ಕಿಟಕಿಯಲ್ಲಿಡತಕ್ಕದ್ದು.