ಹೊಸ ಪಾಲಿಶಿನ ಹಳೆ ಪೆಟ್ಟಿಗೆ

ಭೂಸನೂರ ಎಂದರೆ ಆಳಂದ ತಾಲ್ಲೂಕಿನ ಮಂದಿಗೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ, ಹಂಗಾಮಿನಲ್ಲಿ ಅದರ ಕಡೆ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳು. ಟ್ರ್ಯಾಕ್ಟರು ಬರುವ ಮೊದಲೇ ಅದರ ಹಾಡು ಊರು ಮುಟ್ಟಿರುತ್ತದೆ. ಆ ಅಬ್ಬರದ ಸ್ಪೀಕರುಗಳ ಮಾತು ಇಲ್ಲಿ ಬೇಡ. ಇದು 1960ರಿಂದ 80ರ ದಶಕದವರೆಗೆ ಉಳ್ಳವರ ಪಡಸಾಲೆಯಲ್ಲಿ ಜೋಡಿಯಾಗಿ ಕುಳಿತಿದ್ದ ಮರದ ಸ್ಪೀಕರ್ ಪೆಟ್ಟಿಗೆಗಳ ವಿಚಾರ. ಟೇಪ್ ರೆಕಾರ್ಡರ್ ಹೋಯಿತು, ಸಿ.ಡಿ. ಬಂದು ಅದೂ ಹೋಯಿತು. ಪೆಟ್ಟಿಗೆಗಳು ಅಟ್ಟ ಸೇರಿದವು, ಅಲ್ಲಿಂದ ಗುಜರಿಗೆ. ಈಗ ಅವನ್ನೇ ಎತ್ತಿ ತಂದು, ಉಜ್ಜಿ, ಪಾಲಿಶ್ ಹೊಡೆದು, ಒಳ್ಳೆಯ ಬೆಲೆಗೆ ಮಾರುವ ಕಸುಬೊಂದು ಬೆಳೆದಿದೆ.

ನಮ್ಮ ಕಡೆ ಧ್ವನಿವರ್ಧಕ ಎಂದರೆ ಬಹುಕಾಲ ಭೋಂಗಾ ಮಾತ್ರ. ಉರುಸು, ಜಾತ್ರೆ, ನಾಟಕ, ಮದುವೆ ಎಲ್ಲಕ್ಕೂ ಅದೇ. ಆ ಕಥೆಯೂ ಸಣ್ಣದಲ್ಲ. ಸಿಂಧ್‌ನಲ್ಲಿ 1909ರಲ್ಲಿ ಶುರುವಾದ ಮೋಟ್ವಾನೆ ಮನೆತನದ ವ್ಯಾಪಾರ ಮುಂಬೈಗೆ ಬಂದು ‘ಶಿಕಾಗೊ ರೇಡಿಯೊ’ ಎಂದು ಹೆಸರಾಯಿತು. ಗಾಂಧೀಜಿಯ ಸಭೆಗಳಿಗೆ, ಕಾಂಗ್ರೆಸ್ ಅಧಿವೇಶನಗಳಿಗೆ ಭೋಂಗಾ ಕಟ್ಟಿಸಿದ ನಾನಿಕ್ ಮೋಟ್ವಾನೆ 1942ರ ಗುಪ್ತ ಕಾಂಗ್ರೆಸ್ ರೇಡಿಯೊ ಪ್ರಕರಣದಲ್ಲಿ ಸೆರೆಯಾದರು. ದೆಹಲಿಯ ಅಹುಜಾ ಕಂಪನಿ 1940ರದು. ಅದರ ಹೆಸರು ತಿಳಿಯದ ಮೈಕ್ ಸೆಟ್ಟಿನವ ಈ ಸೀಮೆಯಲ್ಲಿ ಸಿಗಲಾರ. ಮನೆಯೊಳಗೆ ಕೂತು ಕೇಳುವ ಸುಖ ಬಂದದ್ದು ರೇಡಿಯೊದಿಂದ. ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾಯಿತು. ಸ್ಟೀರಿಯೊ ಜೋಡಿ ಮಾತ್ರ ಅದಾದ ಮೇಲೂ ಕೆಲವೇ ಮನೆಗಳ ಸೊತ್ತು. 1991ರ ತನಕ ಆಮದಿಗೆ ಬಿಗಿ ಕಟ್ಟಳೆ ಇದ್ದದ್ದರಿಂದ ವಿದೇಶಿ ಮಾಲು ಅಪರೂಪ. ಸಿಕ್ಕಿದ್ದು ಫಿಲಿಪ್ಸ್, ಕಾಸ್ಮಿಕ್, ನಾರ್ಜ್, 1970ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಸೋನೊಡೈನ್. ಇಂದು ಹಳೆ ಬಜಾರಿನಲ್ಲಿ ಎಡತಾಕುವ ಹೆಸರುಗಳೂ ಹೆಚ್ಚುಕಡಿಮೆ ಇವೇ.

ಈ ಪೆಟ್ಟಿಗೆಗಳ ವಯಸ್ಸಿನ ಟಿ.ವಿ. ಇಂದು ಯಾವ ಕೆಲಸಕ್ಕೂ ಬಾರದು, ಸ್ಪೀಕರ್ ಬರುತ್ತದೆ. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇವತ್ತಿಗೂ ನಡೆದಿದೆ: ಅಯಸ್ಕಾಂತದ ಸಂದಿನಲ್ಲಿ ಒಂದು ತಂತಿಯ ಕಾಯಿಲ್, ಅದಕ್ಕೆ ಅಂಟಿದ ಕಾಗದದ ಕೋನ್. ಕೋನ್ ಹರಿದರೆ ಬೇರೆ ಹಾಕಬಹುದು, ಕಾಯಿಲ್ ಸುಟ್ಟರೆ ಸುತ್ತಬಹುದು. ರಿಪೇರಿಗೆ ಇಷ್ಟು ಒಗ್ಗುವ ವಿದ್ಯುತ್ ಸಾಮಾನು ಇನ್ನೊಂದು ನನಗೆ ಹೊಳೆಯುವುದಿಲ್ಲ.

ಮೊದಲು ಸಾಯುವುದು ಕೋನಿನ ಸುತ್ತಲಿನ ಅಂಚು. 70, 80ರ ದಶಕದ ಬಹಳಷ್ಟು ಸ್ಪೀಕರುಗಳಿಗೆ ಫೋಮಿನ ಅಂಚು ಇತ್ತು. ಹದಿನೈದಿಪ್ಪತ್ತು ವರ್ಷಕ್ಕೆ ಅದು ಬಳಸದೇ ಇಟ್ಟರೂ ಜಿಗುಟಾಗಿ, ಬೆರಳು ತಾಕಿದರೆ ಪುಡಿಯಾಗಿ ಉದುರುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ ಇಟ್ಟದ್ದಾದರೆ ಇನ್ನೂ ಬೇಗ. ರಬ್ಬರ್ ಅಂಚು, ಅದಕ್ಕಿಂತ ಹಳೆಯ ಬಟ್ಟೆಯ ಅಂಚು ಬಾಳಿಕೆಯವು.

ಕೋನ್ ಬದಲಿಸುವ ಕೆಲಸಕ್ಕೆ ರಿಕೋನಿಂಗ್ ಎನ್ನುತ್ತಾರೆ. ಅದನ್ನು ಮಾಡುವವನ ಕೈಚಳಕ ನೋಡಬೇಕಾದದ್ದು. ಹಳೆ ಅಂಟನ್ನು ಬ್ಲೇಡಿನಿಂದ ಕೆರೆದು, ಅಯಸ್ಕಾಂತದ ಸಂದಿಗೆ ಬಿದ್ದ ಕಬ್ಬಿಣದ ಹುಡಿಯನ್ನು ಅಂಟುಪಟ್ಟಿಯಿಂದ ಹೆಕ್ಕುತ್ತಾನೆ. ಕಾಯಿಲಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟೇ ಜಾಗ. ಅಲ್ಲಿ ಹಳೆ ಎಕ್ಸ್‌ರೇ ಫಿಲ್ಮನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಸುತ್ತಲೂ ತುರುಕುತ್ತಾನೆ, ಕಾಯಿಲ್ ನಟ್ಟನಡುವೆ ನಿಲ್ಲಲೆಂದು. ಆಮೇಲೆ ಅಂಟು. ಅದು ಪೂರ್ತಿ ಒಣಗುವ ಮೊದಲು ಪಟ್ಟಿ ಕಿತ್ತರೆ ಕೆಲಸ ಕೆಟ್ಟಂತೆ. ಒಣಗಿದ ಮೇಲೆ ಪಟ್ಟಿ ತೆಗೆದು, ನಡುವಿಗೆ ಟೋಪಿ ಅಂಟಿಸಿದರೆ ಮುಗಿಯಿತು. ಇಷ್ಟೆಲ್ಲ ಮಾಡಿದವನ ಕೂಲಿಗೆ ನಾವು ಚೌಕಾಶಿ ಮಾಡುತ್ತೇವೆ, ಪೆಟ್ಟಿಗೆಯ ಹೊಳಪಿಗೆ ಕೇಳಿದಷ್ಟು ಕೊಡುತ್ತೇವೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ.

ಪಾಲಿಶಿನ ಕೆಲಸ ಹಗುರವೆಂದು ಅರ್ಥವಲ್ಲ. ಈ ಪೆಟ್ಟಿಗೆಗಳಲ್ಲಿ ಇಡೀ ಸಾಗವಾನಿ ಇರುವುದು ಕಡಿಮೆ. ಪ್ಲೈವುಡ್ ಅಥವಾ ಮರದ ಪುಡಿಯ ಹಲಗೆ, ಮೇಲೆ ಒಂದು ಮಿಲಿಮೀಟರಿಗೂ ತೆಳುವಾದ ವೆನೀರು. ಯಂತ್ರ ಹಿಡಿದು ಒಂದು ಕ್ಷಣ ಹೆಚ್ಚು ಉಜ್ಜಿದರೆ ಮರದ ಗೆರೆ ಹೋಗಿ ಒಳಗಿನ ಹಲಗೆ ಹಲ್ಲು ಕಿರಿಯುತ್ತದೆ. ಬಲ್ಲ ಬಡಿಗ ಕೈಯಿಂದಲೇ, ಮರದ ಎಳೆಯ ಗುಂಟ ಉಜ್ಜುತ್ತಾನೆ. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಹಚ್ಚುತ್ತಾನೆ. ಅವಸರದವನು ದಪ್ಪ ಪುಟ್ಟಿ ಮೆತ್ತಿ ಕರಿ ಬಣ್ಣ ಹೊಡೆಯುತ್ತಾನೆ. ಕರಿ ಬಣ್ಣ ಕಂಡಲ್ಲಿ ನಾನು ಪೆಟ್ಟಿಗೆಯ ಬುಡ ತಡವಿ ನೋಡುತ್ತೇನೆ: ಒಮ್ಮೆ ನೀರು ಕುಡಿದ ಪುಡಿಹಲಗೆ ಉಬ್ಬಿರುತ್ತದೆ, ಆ ಉಬ್ಬು ಯಾವ ಬಣ್ಣಕ್ಕೂ ಪೂರ್ತಿ ಮುಚ್ಚುವುದಿಲ್ಲ.

ಇನ್ನೊಂದು ಅಪಾಯ ಒಳಗಿದೆ. ಎಡ್ಗರ್ ವಿಲ್ಚರ್ ಎಂಬವರ ಅಕೌಸ್ಟಿಕ್ ರಿಸರ್ಚ್ ಕಂಪನಿ 1954ರಲ್ಲಿ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯ ಸ್ಪೀಕರ್ ತಂದಿತು. ಬಾಯಿ ಒತ್ತಿಹಿಡಿದ ಸೈಕಲ್ ಪಂಪಿನಂತೆ, ಒಳಗೆ ಸಿಕ್ಕ ಗಾಳಿಯೇ ಕೋನಿಗೆ ಸ್ಪ್ರಿಂಗು. ಸಣ್ಣ ಪೆಟ್ಟಿಗೆಯಿಂದ ತುಂಬಿದ ಮಂದ್ರ ಬಂದದ್ದು ಹಾಗೆ. ಆಮೇಲೆ ಹಲವು ಕಂಪನಿಗಳು ಈ ದಾರಿ ಹಿಡಿದವು. ಇಂಥ ಪೆಟ್ಟಿಗೆಯ ಹಿಂದೆ ಹೊಸ ವೈರಿಗೆಂದು ತೂತು ಕೊರೆದು ಹಾಗೇ ಬಿಟ್ಟರೆ, ಒಳಗಿನ ಹತ್ತಿಯನ್ನೋ ಗಾಜಿನ ಉಣ್ಣೆಯನ್ನೋ ಕಸವೆಂದು ಎಸೆದರೆ, ಹೊರಗೆ ಎಷ್ಟು ಮಿಂಚಿದರೂ ಹಾಡು ಹಳೆಯದಲ್ಲ. ಪರೀಕ್ಷೆ ಸುಲಭ. ಮಂದ್ರದ ದೊಡ್ಡ ಕೋನನ್ನು, ಅಂದರೆ ವೂಫರನ್ನು, ಬೆರಳುಗಳಿಂದ ಮೆಲ್ಲಗೆ ಒಳಗೆ ಒತ್ತಿ ಬಿಡಿ. ಮುಚ್ಚಿದ ಪೆಟ್ಟಿಗೆಯಾದರೆ ಅದು ಸಾವಕಾಶ ಹಿಂದಿರುಗಬೇಕು. ಪಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಒತ್ತುವಾಗ ಕರಕರ ಸದ್ದಾದರೆ ಕಾಯಿಲ್ ಉಜ್ಜುತ್ತಿದೆ, ಬೆಲೆ ಇಳಿಸಿ ಅಥವಾ ಎದ್ದು ಬನ್ನಿ.

ಓಮ್ ಅಳೆಯುವ ಮೀಟರ್ ಜೇಬಿನಲ್ಲಿರಲಿ. ಎಂಟು ಓಮಿನ ಸ್ಪೀಕರ್ ಮೀಟರಿನಲ್ಲಿ ಆರರ ಆಸುಪಾಸು ತೋರಿಸುತ್ತದೆ. ಜೋಡಿಯಲ್ಲಿ ಒಂದು ಆರು, ಇನ್ನೊಂದು ನಾಲ್ಕು ತೋರಿಸಿದರೆ ಯಾರೋ ಬೇರೆ ಕಾಯಿಲ್ ಹಾಕಿದ್ದಾರೆ. ಒಂದೂವರೆ ವೋಲ್ಟಿನ ಸೆಲ್ ತಾಗಿಸಿದಾಗ ಎರಡೂ ಕೋನ್ ಒಂದೇ ಕಡೆ ಜಿಗಿಯಬೇಕು. ಹಿಂಬದಿಯ ನಂಬರು, ಸ್ಕ್ರೂ ತಲೆಗಳ ಗೀರು, ಮುಂಬದಿಯ ಜಾಲರಿ ಬಟ್ಟೆ ಹೊಸದೋ ಹಳೆಯದೋ, ಎಲ್ಲ ನೋಡಿ. ಒಳಗೆ ಸ್ವರ ಹಂಚುವ ಕ್ರಾಸೋವರಿನಲ್ಲಿ ಹಳೆ ಕೆಪಾಸಿಟರ್ ಒಣಗಿದ್ದರೆ ತಾರ ಸ್ವರದ ಟ್ವೀಟರ್ ಮಂಕಾಗುತ್ತದೆ, ಅದು ಅಗ್ಗದ ರಿಪೇರಿ. ‘ಅಲ್ನಿಕೊ ಮ್ಯಾಗ್ನೆಟ್ ಸಾಹೇಬ್ರ’ ಎಂದು ಬೆಲೆ ಏರಿಸುವವರೂ ಇದ್ದಾರೆ. ಅದರಲ್ಲಿರುವ ಕೋಬಾಲ್ಟ್ ಜೈರೆಯ ಗಲಭೆಯಿಂದ 1978ರ ಹೊತ್ತಿಗೆ ದುಬಾರಿಯಾಗಿ ಕಂಪನಿಗಳು ಫೆರೈಟಿಗೆ ಹೊರಳಿದವು. ಕಿವಿ ಸೋತು ಹೊರಳಿದ್ದಲ್ಲ.

ಭೂಸನೂರಿನವರು ಇಂಥ ಹಳೆ ಜೋಡಿಗಾಗಿ ಊರು ಬಿಡಲೇಬೇಕು. ಹೈದರಾಬಾದಿನ ಜುಮ್ಮೇರಾತ್ ಬಜಾರು ಗುರುವಾರದ ಸಂತೆ, ಮುಂಬೈಗೆ ಚೋರ್ ಬಜಾರು, ಬೆಂಗಳೂರಿಗೆ ಚಿಕ್ಕಪೇಟೆ ಬದಿಯ ಸಂಡೇ ಬಜಾರು. ದುಡಿಯಲು ಮುಂಬೈ, ಪುಣೆಗೆ ಹೋದ ನಮ್ಮ ಮಂದಿ ಆಳಂದ, ಅಫಜಲಪುರದ ಮನೆ ಮನೆಗೂ ಇದ್ದಾರೆ. ಅವರಿಗೆ ಹೇಳಿಟ್ಟರೆ ಹುಡುಕುವ ಕೆಲಸ ಅರ್ಧ ಆದಂತೆ. ಸಾಧ್ಯವಾದರೆ ಪಾಲಿಶ್ ಆಗದ ಜೋಡಿಯನ್ನೇ ಕೊಳ್ಳಿ. ಗೀರು, ಕಲೆ, ಉಬ್ಬು ಎಲ್ಲ ಕಣ್ಣೆದುರಿಗೇ ಇರುತ್ತವೆ; ಪಾಲಿಶಿಗೆ ಊರಿನ ಬಡಿಗ ಸಾಕು. ಬಸ್ಸಿನಲ್ಲಿ ತರುವಾಗ ಎರಡರ ಮುಖಗಳ ನಡುವೆ ದಪ್ಪ ರಟ್ಟು ಇಟ್ಟು, ಎದುರುಬದುರು ಕಟ್ಟಿ, ನೆಟ್ಟಗೆ ನಿಲ್ಲಿಸಿ.